ಕಪ್ಪು ಕಾಯಿಗೆ ಗಟ್ಟಿ ರಕ್ಷಣೆ ಯಾವುದು?

ಚೆಸ್‌ನಲ್ಲಿ ಮೊದಲ ನಡೆ ಬಿಳಿಯದು. ಕಪ್ಪು ಕಾಯಿ ಹಿಡಿದವರು ಆಟ ಶುರುವಾಗುವ ಹೊತ್ತಿಗೇ ಒಂದು ನಡೆ ಹಿಂದೆ ಬಿದ್ದಿರುತ್ತಾರೆ. ಈ ಒಂದು ನಡೆಯ ಬೆಲೆಯೇನೆಂಬುದು ದಾಖಲಾಗಿರುವ ಲಕ್ಷಾಂತರ ಆಟಗಳಿಂದ ಗೊತ್ತಾಗಿದೆ. ಗೆಲುವಿಗೆ ಒಂದು, ಡ್ರಾಗೆ ಅರ್ಧ ಎಂದು ಲೆಕ್ಕ ಹಿಡಿದರೆ ನೂರು ಅಂಕಗಳಲ್ಲಿ 52ರಿಂದ 56 ಬಿಳಿಯ ಪಾಲಾಗುತ್ತವೆ. ಅಂತರ ಸಣ್ಣದೇ. ಆದರೂ ಸಾಮಾನ್ಯ ಆಟಗಾರರು ಕಪ್ಪಿನಲ್ಲಿ ಸೋಲುವುದು ಬಹುಪಾಲು ಈ ಅಂತರದಿಂದಲ್ಲ, ಅದನ್ನು ಒಂದೆರಡು ನಡೆಗಳಲ್ಲೇ ತೀರಿಸಿಬಿಡುವ ಆತುರದಿಂದ. ಗಟ್ಟಿ ರಕ್ಷಣೆ ಆರಿಸಿಕೊಂಡವರು ಆ ಸಾಲವನ್ನು ನಿಧಾನವಾಗಿ ತೀರಿಸುತ್ತಾರೆ.

ರಕ್ಷಣೆ ಗಟ್ಟಿಯೋ ಅಲ್ಲವೋ ಎಂದು ತಿಳಿಯಲು ನೋಡಬೇಕಾದ ಸಂಗತಿಗಳು ಕೆಲವಿವೆ. ಬೋರ್ಡಿನ ನಡುವೆ ಒಂದು ಕಾಲಾಳಾದರೂ ಭದ್ರವಾಗಿ ಊರಿರಬೇಕು, ಅದಕ್ಕೆ ಮತ್ತೊಂದು ಕಾಲಾಳಿನ ಬೆಂಬಲವಿರಬೇಕು. ರಾಜನ ಮುಂದಿನ ಕಾಲಾಳುಗಳು ಅಲುಗಾಡದೆ ಉಳಿಯಬೇಕು. ಒಂದು ನಡೆ ಮರೆತರೆ ಆಟವೇ ಕೈಬಿಡುವಂತಿರಬಾರದು. ಇವೆಲ್ಲದರ ಜೊತೆಗೆ, ಆರಂಭದ ಪುಸ್ತಕಗಳನ್ನು ತೆರೆಯುವ ಮೊದಲೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯಿದೆ: ಸಿ8 ಮನೆಯಲ್ಲಿ ಕೂತಿರುವ ಒಂಟೆ ಎಲ್ಲಿಗೆ ಹೋಗುತ್ತದೆ?

ಈ ಪ್ರಶ್ನೆಗೆ ಕಾರಣ ಸರಳ. ಬಿಳಿಯ ಕೇಂದ್ರವನ್ನು ಎದುರಿಸಲು ಕಪ್ಪಿನವರು ಡಿ5ಕ್ಕೆ ಕಾಲಾಳು ತಳ್ಳುತ್ತಾರೆ. ಅದಕ್ಕೆ ಬೆಂಬಲ ಇ6ರಿಂದ ಬರಬೇಕು, ಇಲ್ಲವೇ ಸಿ6ರಿಂದ ಬರಬೇಕು. ಇ6ಕ್ಕೆ ಕಾಲಾಳು ಹೋದರೆ ಬಿಳಿ ಮನೆಗಳ ಒಂಟೆಯ ದಾರಿ ಮುಚ್ಚುತ್ತದೆ. ಸಿ6ಕ್ಕೆ ಹೋದರೆ ಒಂಟೆಯ ದಾರಿ ತೆರೆದಿರುತ್ತದೆ, ಆದರೆ ಕುದುರೆಗೆ ಸಿಗಬೇಕಿದ್ದ ಒಳ್ಳೆಯ ಮನೆ ಕೈತಪ್ಪುತ್ತದೆ. ಫ್ರೆಂಚ್, ಕಾರೊ–ಕಾನ್, ಸ್ಲಾವ್, ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್ ಎಂಬ ಹೆಸರುಗಳ ಹಿಂದಿರುವುದು ಬಹುಮಟ್ಟಿಗೆ ಇದೇ ಆಯ್ಕೆ.

ಬಿಳಿಯವರು ಇ4 ಎಂದು ಶುರುಮಾಡಿದಾಗ ಇ5 ಎಂದು ಉತ್ತರಿಸುವುದು ಎಲ್ಲಕ್ಕಿಂತ ಹಳೆಯ ದಾರಿ. ಇದರಲ್ಲಿ ಗಟ್ಟಿ ಎಂದು ಹೆಸರಾದವು ಎರಡು. ಒಂದು ಪೆಟ್ರೋವ್ ರಕ್ಷಣೆ: ಬಿಳಿ ಕುದುರೆ ಎಫ್3ಕ್ಕೆ ಬಂದು ಇ5 ಕಾಲಾಳಿಗೆ ಗುರಿಯಿಟ್ಟಾಗ, ಕಪ್ಪಿನವರು ಅದನ್ನು ಕಾಯುವ ಬದಲು ತಮ್ಮ ಕುದುರೆಯನ್ನು ಎಫ್6ಕ್ಕೆ ತಂದು ಇ4ಕ್ಕೆ ಗುರಿಯಿಡುತ್ತಾರೆ. ಆಟ ಬೇಗ ಸಮಸ್ಥಿತಿಗೆ ಬರುತ್ತದೆ, ಕಾಯಿಗಳು ಬೇಗ ಕರಗುತ್ತವೆ. ಶಾಂತವಾಗಿ ಕಾಣುವ ಈ ರಕ್ಷಣೆಯಲ್ಲೂ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಭಾರತದ ಚೆಸ್ ಇತಿಹಾಸದಲ್ಲೇ ಪ್ರಸಿದ್ಧ ಉದಾಹರಣೆಯಿದೆ. 1988ರಲ್ಲಿ ಸ್ವಿಟ್ಜರ್ಲೆಂಡಿನ ಬೀಲ್‌ನಲ್ಲಿ ವಿಶ್ವನಾಥನ್ ಆನಂದ್ ಕೊಲಂಬಿಯಾದ ಅಲೊನ್ಸೊ ಜಪಾಟಾ ಎದುರು ಪೆಟ್ರೋವ್ ಆಡಿದರು. ಐದನೇ ನಡೆಯಲ್ಲಿ ಒಂಟೆಯನ್ನು ಎಫ್5ಕ್ಕೆ ತಂದರು. ಹಿಂದಿನ ವರ್ಷ ಇಬ್ಬರು ಗ್ರ್ಯಾಂಡ್‌ಮಾಸ್ಟರುಗಳ ಆಟದಲ್ಲಿ ಇದೇ ನಡೆ ಬಂದು ಆಟ ಡ್ರಾ ಆಗಿತ್ತು. ಜಪಾಟಾ ರಾಣಿಯನ್ನು ಇ2ಕ್ಕೆ ಸರಿಸಿದರು, ಅಷ್ಟೇ. ಇ4ರಲ್ಲಿದ್ದ ಕಪ್ಪು ಕುದುರೆ ತನ್ನ ರಾಜನ ಎದುರೇ ಸಿಕ್ಕಿಬಿದ್ದಿತ್ತು. ಡಿ5 ಎಂದು ಅದನ್ನು ಕಾಯಲು ಹೋದರೆ ಬಿಳಿಯ ಡಿ3, ರಾಣಿಯನ್ನು ಇ7ಕ್ಕೆ ತಂದರೆ ಬಿಳಿ ಕುದುರೆ ಡಿ5ಕ್ಕೆ. ಹೇಗೆ ನೋಡಿದರೂ ಒಂದು ಕಾಯಿ ಹೋಗುವುದು ಖಚಿತ. ಆನಂದ್ ಅಲ್ಲಿಗೇ ಆಟ ಬಿಟ್ಟುಕೊಟ್ಟರು. ಅಚ್ಚಾದ ನಡೆ ಸರಿಯಾದ ನಡೆಯೇ ಆಗಿರಬೇಕಿಲ್ಲ ಎಂಬುದು ಅಂದಿನಿಂದ ಚೆಸ್ ಕಲಿಸುವವರೆಲ್ಲ ತೋರಿಸುವ ಪಾಠ.

ಇನ್ನೊಂದು ಬರ್ಲಿನ್. ರುಯ್ ಲೋಪೆಜ್‌ನಲ್ಲಿ ಬಿಳಿಯ ಒಂಟೆ ಬಿ5ಕ್ಕೆ ಬಂದಾಗ ಕಪ್ಪಿನವರು ಕುದುರೆಯನ್ನು ಎಫ್6ಕ್ಕೆ ತರುತ್ತಾರೆ. ಮುಖ್ಯ ಸಾಲಿನಲ್ಲಿ ಎಂಟನೇ ನಡೆಗೇ ಎರಡೂ ರಾಣಿಗಳು ಬೋರ್ಡಿನಿಂದ ಹೊರಗೆ ಹೋಗುತ್ತವೆ. ಕಪ್ಪು ರಾಜ ಡಿ8ರಲ್ಲಿ ನಿಂತು ಕ್ಯಾಸ್ಲಿಂಗ್ ಹಕ್ಕು ಕಳೆದುಕೊಳ್ಳುತ್ತಾನೆ, ಸಿ ಸಾಲಿನಲ್ಲಿ ಕಾಲಾಳುಗಳು ಒಂದರ ಹಿಂದೊಂದು ನಿಲ್ಲುತ್ತವೆ. ನೋಡಲು ಅಂದವಿಲ್ಲದ ಸ್ಥಿತಿ. ಆದರೆ ಎರಡೂ ಒಂಟೆಗಳು ಕಪ್ಪಿನ ಬಳಿಯೇ ಉಳಿದಿರುತ್ತವೆ, ಸಿ8ರ ಒಂಟೆಗೆ ಎದುರಿನ ದಾರಿ ಬಯಲಾಗಿರುತ್ತದೆ, ದಾಳಿ ಮಾಡಲು ಬಿಳಿಯ ಬಳಿ ರಾಣಿಯೇ ಇರುವುದಿಲ್ಲ. 2000ದಲ್ಲಿ ಲಂಡನ್‌ನಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಇದನ್ನೇ ಗ್ಯಾರಿ ಕ್ಯಾಸ್ಪರೋವ್ ಎದುರು ಹಿಡಿದರು. ಬರ್ಲಿನ್ ಬಂದ ನಾಲ್ಕೂ ಆಟಗಳು ಡ್ರಾ ಆದವು. ಇಡೀ ಪಂದ್ಯದಲ್ಲಿ ಒಂದೂ ಆಟ ಗೆಲ್ಲಲಾಗದೆ ಕ್ಯಾಸ್ಪರೋವ್ 8.5–6.5ರಿಂದ ವಿಶ್ವ ಕಿರೀಟ ಕಳೆದುಕೊಂಡರು. ಅಲ್ಲಿಯವರೆಗೆ ಮೂಲೆಗುಂಪಾಗಿದ್ದ ಬರ್ಲಿನ್ ಆಮೇಲೆ ಪ್ರತಿ ದೊಡ್ಡ ಟೂರ್ನಿಯಲ್ಲೂ ಕಾಣಿಸಿಕೊಂಡಿತು. ಹಾಗೆಂದು ಕಲಿಯುವವರಿಗೆ ಇದನ್ನು ಮೊದಲ ಆಯ್ಕೆಯಾಗಿ ಹೇಳುವುದು ಕಷ್ಟ. ರಾಣಿಯಿಲ್ಲದ, ಕಾಯಿಗಳು ತುಂಬಿದ ಸ್ಥಿತಿಯಲ್ಲಿ ರಾಜನನ್ನು ಎಲ್ಲಿ ನಿಲ್ಲಿಸಬೇಕೆಂಬ ಅಂದಾಜು ಬರಲು ವರ್ಷಗಳೇ ಬೇಕು. ಅಲ್ಲದೆ ಇ5 ಆಡುವವರು ಬರ್ಲಿನ್ ಒಂದನ್ನೇ ಕಲಿತರೆ ಸಾಲದು. ಇಟಾಲಿಯನ್, ಸ್ಕಾಚ್, ವಿಯೆನ್ನಾ, ಕಿಂಗ್ಸ್ ಗ್ಯಾಂಬಿಟ್ ಎಲ್ಲಕ್ಕೂ ಉತ್ತರ ಇಟ್ಟುಕೊಂಡಿರಬೇಕು.

ಫ್ರೆಂಚ್ ರಕ್ಷಣೆಯಲ್ಲಿ ಮೊದಲ ನಡೆಯೇ ಇ6. ಕೋಟೆ ಭದ್ರ, ಒಂಟೆ ಒಳಗೆ ಬಂದಿ. ಬಿಳಿಯವರು ಇ5ಕ್ಕೆ ಕಾಲಾಳು ತಳ್ಳಿ ಕೇಂದ್ರ ಮುಚ್ಚಿದ ಮೇಲೆ ಕಪ್ಪಿನವರು ಸಿ5 ಎಂದು ಬುಡಕ್ಕೆ ಕೈಹಾಕಲೇಬೇಕು. ತಡಮಾಡಿದರೆ ರಾಜನ ಬದಿಯಲ್ಲಿ ಉಸಿರು ಕಟ್ಟುತ್ತದೆ. ಎದುರಾಳಿಗೆ ತಿರುಗಿ ಹೊಡೆಯುವುದರಲ್ಲಿ ಸಂತೋಷ ಕಾಣುವವರಿಗೆ ಫ್ರೆಂಚ್ ಒಳ್ಳೆಯದು. ನೆಮ್ಮದಿಯ ಆಟ ಬಯಸುವವರಿಗೆ ಅದಕ್ಕಿಂತ ಕಾರೊ–ಕಾನ್ ಮೇಲು.

ಕಾರೊ–ಕಾನ್‌ಗೆ ಆ ಹೆಸರು ಬಂದದ್ದು ಇಬ್ಬರು ಆಟಗಾರರಿಂದ: ಬರ್ಲಿನ್‌ನಲ್ಲಿ ನೆಲೆಸಿದ್ದ ಹೊರೇಶಿಯೊ ಕಾರೊ ಮತ್ತು ವಿಯೆನ್ನಾದ ಮಾರ್ಕುಸ್ ಕಾನ್. 1885ರಲ್ಲಿ ಹ್ಯಾಂಬರ್ಗ್‌ನಲ್ಲಿ ಕಾನ್ ಇದೇ ರಕ್ಷಣೆಯಿಂದ ಜಾಕ್ ಮೀಸೆಸ್ ಅವರನ್ನು 24 ನಡೆಗಳಲ್ಲಿ ಸೋಲಿಸಿದರು. ಮರುವರ್ಷ ಇದರ ವಿಶ್ಲೇಷಣೆ ಜರ್ಮನ್ ಪತ್ರಿಕೆಯಲ್ಲಿ ಬಂತು. ವಿಚಾರ ಸ್ಪಷ್ಟ. ಮೊದಲು ಸಿ6, ಬಿಳಿಯ ಡಿ4ಕ್ಕೆ ಉತ್ತರವಾಗಿ ಡಿ5. ಇ ಕಾಲಾಳು ಇನ್ನೂ ಮನೆಯಲ್ಲೇ ಇರುವುದರಿಂದ ಸಿ8ರ ಒಂಟೆ ಹೊರಗೆ ಹೋಗಬಹುದು. ಅದು ಹೋದ ಮೇಲೆ ಇ6 ಆಡಿ ಬಾಗಿಲು ಹಾಕಿಕೊಳ್ಳಬಹುದು. ಫ್ರೆಂಚ್‌ನ ಭದ್ರತೆ ಸಿಗುತ್ತದೆ, ಅದರ ದೊಡ್ಡ ಕೊರತೆ ನೀಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಒಂದು ನಡೆ: ಮುಂದೆ ಸಿ5 ಆಡಬೇಕಾಗಿ ಬಂದಾಗ ಸಿ ಕಾಲಾಳು ಎರಡು ಸಲ ನಡೆದಂತಾಗುತ್ತದೆ.

ಕ್ಲಾಸಿಕಲ್ ಸಾಲನ್ನು ಬೋರ್ಡಿನ ಮೇಲೆ ಜೋಡಿಸಿ ನೋಡುವುದು ಒಳ್ಳೆಯದು. ಮೂರನೇ ನಡೆಗೆ ಬಿಳಿ ಕುದುರೆ ಸಿ3ಕ್ಕೆ ಬರುತ್ತದೆ, ಕಪ್ಪು ಕಾಲಾಳು ಇ4ರಲ್ಲಿ ಹೊಡೆಯುತ್ತದೆ, ಕುದುರೆ ಅದನ್ನು ಹೊಡೆದು ಇ4ರಲ್ಲಿ ನಿಲ್ಲುತ್ತದೆ. ಆಗ ಕಪ್ಪು ಒಂಟೆ ಎಫ್5ಕ್ಕೆ. ಕುದುರೆ ಜಿ3ಕ್ಕೆ ಹೋಗಿ ಅಟ್ಟಿದರೆ ಒಂಟೆ ಜಿ6ಕ್ಕೆ. ಬಿಳಿ ಎಚ್4 ಎಂದರೆ ಕಪ್ಪು ಎಚ್6. ಮುಂದೆ ಎಚ್5ಕ್ಕೆ ಬಂದರೆ ಒಂಟೆ ಎಚ್7ಕ್ಕೆ ಸರಿಯುತ್ತದೆ. ಬಿಳಿಯವರು ತಮ್ಮ ಒಂಟೆಯನ್ನು ಡಿ3ಕ್ಕೆ ತಂದು ಅದನ್ನು ಬದಲಾಯಿಸಿಕೊಳ್ಳುತ್ತಾರೆ. ಇಲ್ಲಿಗೆ ಲೆಕ್ಕ ನೋಡಿದರೆ ಬಿಳಿಗೆ ಜಾಗ ಹೆಚ್ಚು. ಎಚ್5 ಕಾಲಾಳು ರಾಜನ ಬದಿಯನ್ನು ಒತ್ತುತ್ತಿದೆ. ಕಪ್ಪಿನ ಕಡೆ ಒಂದೂ ದುರ್ಬಲ ಕಾಲಾಳಿಲ್ಲ, ತೊಂದರೆ ಕೊಡಬೇಕಿದ್ದ ಒಂಟೆ ಎದುರಾಳಿಯ ಒಳ್ಳೆಯ ಒಂಟೆಯನ್ನು ಕರೆದುಕೊಂಡೇ ಹೋಗಿದೆ. ಕಾಯಿಗಳು ಕಡಿಮೆಯಾದಂತೆಲ್ಲ ಮುಂದೆ ಹೋದ ಆ ಎಚ್5 ಕಾಲಾಳೇ ಬಿಳಿಗೆ ಹೊರೆಯಾಗಬಹುದು. ಕಾರೊ–ಕಾನ್ ಆಡುವವರು ಕಾಯುವುದು ಆ ಹೊತ್ತಿಗೆ.

ಬಿಳಿಯವರು ಮೂರನೇ ನಡೆಗೇ ಇ5 ತಳ್ಳಿದರೆ ಒಂಟೆಯನ್ನು ಎಫ್5ಕ್ಕೆ ತರುವುದು ವಾಡಿಕೆ. ಇಲ್ಲೊಂದು ಬಲೆಯಿದೆ. ನಾಲ್ಕನೇ ನಡೆಗೆ ಬಿಳಿ ಎಚ್4 ಆಡಿದಾಗ ಕಪ್ಪಿನವರು ಅಭ್ಯಾಸಬಲದಿಂದ ಇ6 ಎಂದರೆ ಒಂಟೆ ಹೋಯಿತು. ಜಿ4 ಎಂದು ಅಟ್ಟಿದಾಗ ಅದು ಜಿ6ಕ್ಕೆ ಹೋದರೆ ಎಚ್5, ಅಲ್ಲಿಂದ ಇ4ಕ್ಕೆ ಹಾರಿದರೆ ಎಫ್3. ಎಚ್5 ಅಥವಾ ಎಚ್6 ಎಂದು ಮೊದಲೇ ಜಾಗ ಮಾಡಿಕೊಂಡರೆ ಈ ಅಪಾಯವಿಲ್ಲ. ಒಂಟೆಯನ್ನು ಹೊರಗೆ ಕಳಿಸುವ ರಕ್ಷಣೆಯಲ್ಲಿ ಅದು ಹಿಂದಿರುಗುವ ದಾರಿಯನ್ನೂ ನೋಡಿಕೊಳ್ಳಬೇಕು.

ಈ ರಕ್ಷಣೆಗೆ ಗೌರವ ತಂದವರಲ್ಲಿ ಮಿಖಾಯಿಲ್ ಬೋತ್ವಿನ್ನಿಕ್ ದೊಡ್ಡವರು. 1958ರಲ್ಲಿ ವಾಸಿಲಿ ಸ್ಮಿಸ್ಲೋವ್ ಅವರಿಂದ ಕಿರೀಟ ಮರಳಿ ಪಡೆಯಲು ಹೊರಟಾಗ ಮೊದಲ ಆಟದಲ್ಲೇ ಕಾರೊ–ಕಾನ್ ಹಿಡಿದು ಗೆದ್ದರು. ಮೊದಲ ಮೂರೂ ಆಟ ಗೆದ್ದು ಪಂದ್ಯವನ್ನು ತಮ್ಮ ಕಡೆ ತಿರುಗಿಸಿಕೊಂಡರು. 1960ರಲ್ಲಿ ಮಿಖಾಯಿಲ್ ತಾಲ್ ಎದುರು ಸೋತ ಮೇಲೂ ಅದನ್ನು ಬಿಡಲಿಲ್ಲ. 1961ರ ಮರುಪಂದ್ಯದಲ್ಲಿ ತಾಲ್ ಮತ್ತೆ ಮತ್ತೆ ಇ5 ತಳ್ಳಿದರೂ ಬೋತ್ವಿನ್ನಿಕ್ 13–8ರಿಂದ ಗೆದ್ದರು. ತಾಲ್ ಅವರಂಥ ದಾಳಿಕೋರನ ಎದುರು ಈ ಫಲಿತಾಂಶ ಬಂದದ್ದು ಆ ರಕ್ಷಣೆಯ ಬಲಕ್ಕೆ ಒಳ್ಳೆಯ ಸಾಕ್ಷಿ. ಮುಂದೆ ಟಿಗ್ರಾನ್ ಪೆಟ್ರೋಸಿಯನ್, ಅನತೊಲಿ ಕಾರ್ಪೋವ್ ಇದನ್ನು ತಮ್ಮದಾಗಿಸಿಕೊಂಡರು. 2013ರಲ್ಲಿ ಚೆನ್ನೈನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಎರಡನೇ ಆಟದಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಆನಂದ್ ಎದುರು ಹಿಡಿದದ್ದೂ ಕಾರೊ–ಕಾನ್ ಅನ್ನೇ. 25 ನಡೆಗಳಲ್ಲಿ ಆಟ ಡ್ರಾ ಆಯಿತು.

ಕಾರ್ಪೋವ್ ಇಷ್ಟಪಟ್ಟ ಸಾಲು ಬೇರೆ. ಅಲ್ಲಿ ನಾಲ್ಕನೇ ನಡೆಗೆ ಒಂಟೆಯ ಬದಲು ಬಿ8ರ ಕುದುರೆ ಡಿ7ಕ್ಕೆ ಬರುತ್ತದೆ. ಇನ್ನಷ್ಟು ಬಿಗಿ, ಇನ್ನಷ್ಟು ಎಚ್ಚರ ಬೇಡುವ ಸಾಲು. ಐದನೇ ನಡೆಗೆ ಬಿಳಿ ರಾಣಿ ಇ2ಕ್ಕೆ ಬಂದಾಗ, ಯೋಚಿಸದೆ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದರೆ ಬಿಳಿ ಕುದುರೆ ಡಿ6ಕ್ಕೆ ಹಾರಿ ಚೆಕ್‌ಮೇಟ್. ಇ7 ಕಾಲಾಳು ಅದನ್ನು ಹೊಡೆಯುವಂತಿಲ್ಲ, ಹೊಡೆದರೆ ರಾಣಿಯ ಎದುರು ರಾಜ ಬಯಲಾಗುತ್ತಾನೆ. 1997ರ ಮೇ 11ರಂದು ನ್ಯೂಯಾರ್ಕ್‌ನಲ್ಲಿ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್ ಎದುರಿನ ಆರನೇ ಆಟದಲ್ಲಿ ಕ್ಯಾಸ್ಪರೋವ್ ಇದೇ ಸಾಲು ಹಿಡಿದರು. ಏಳನೇ ನಡೆಯಲ್ಲಿ ಮೊದಲು ಒಂಟೆಯನ್ನು ಡಿ6ಕ್ಕೆ ತರಬೇಕಿತ್ತು. ಬದಲಿಗೆ ಎಚ್6 ಎಂದು ಜಿ5ಕ್ಕೆ ಬಂದಿದ್ದ ಬಿಳಿ ಕುದುರೆಯನ್ನು ಅಟ್ಟಲು ನೋಡಿದರು. ಯಂತ್ರ ಆ ಕುದುರೆಯನ್ನೇ ಇ6ರಲ್ಲಿ ಬಲಿಕೊಟ್ಟಿತು. ಕಪ್ಪು ರಾಜ ನಡುದಾರಿಯಲ್ಲಿ ಸಿಕ್ಕಿಬಿದ್ದ. 19 ನಡೆಗಳಲ್ಲಿ ಆಟ ಮುಗಿಯಿತು, ಪಂದ್ಯ 3.5–2.5ರಿಂದ ಯಂತ್ರದ ಪಾಲಾಯಿತು. ಕ್ಯಾಸ್ಪರೋವ್ ಬಹುಕಾಲ ನಂಬಿದ್ದ ಆಯುಧ ಸಿಸಿಲಿಯನ್ ರಕ್ಷಣೆ. ನಿರ್ಣಾಯಕ ದಿನ ಕೈಗೆತ್ತಿಕೊಂಡ ರಕ್ಷಣೆ ಎಷ್ಟೇ ಗಟ್ಟಿಯಾಗಿರಲಿ, ಕೈಗೆ ಒಗ್ಗಿರದಿದ್ದರೆ ನಡೆಗಳ ಕ್ರಮ ತಪ್ಪುವುದು ಹೀಗೆಯೇ.

ಬಿಳಿಯವರು ಡಿ4 ಎಂದು ಶುರುಮಾಡಿದರೆ ಕಾರೊ–ಕಾನ್ ಆಡುವವರಿಗೆ ಹತ್ತಿರದ ನೆಂಟ ಸ್ಲಾವ್. ಡಿ5, ಸಿ6 ಎಂಬ ಅದೇ ಜೋಡಿ. ಆದರೆ ಒಂಟೆಯನ್ನು ಹೊರಡಿಸುವ ಹೊತ್ತು ಮಾತ್ರ ಬೇರೆ. ಎರಡೂ ಕಡೆಯ ಕುದುರೆಗಳು ಹೊರಬಂದ ಕೂಡಲೇ, ನಾಲ್ಕನೇ ನಡೆಗೇ, ಒಂಟೆ ಎಫ್5ಕ್ಕೆ ಹೋದರೆ ಬಿಳಿಯವರು ಡಿ5ರಲ್ಲಿ ಕಾಲಾಳು ಬದಲಾಯಿಸಿ ರಾಣಿಯನ್ನು ಬಿ3ಕ್ಕೆ ತರುತ್ತಾರೆ. ಒಂಟೆ ಬಿಟ್ಟುಹೋದ ಬಿ7 ಕಾಲಾಳಿಗೆ ಯಾರ ಕಾವಲೂ ಇಲ್ಲ. ಹಲವು ಸಲ ಒಂಟೆ ನಾಚಿಕೊಂಡು ಸಿ8ಕ್ಕೇ ಮರಳಬೇಕಾಗುತ್ತದೆ. ಆದ್ದರಿಂದ ಸ್ಲಾವ್ ಆಡುವವರು ಮೊದಲು ಸಿ4ರಲ್ಲಿ ಕಾಲಾಳನ್ನು ಹೊಡೆಯುತ್ತಾರೆ. ಅದನ್ನು ಬಿ5ರಿಂದ ಕಾಯದಂತೆ ತಡೆಯಲು ಬಿಳಿಯವರು ಎ4 ಆಡುವ ಹೊತ್ತಿಗೆ ಒಂಟೆ ನಿರ್ಭಯವಾಗಿ ಎಫ್5ಕ್ಕೆ ಹೊರಡುತ್ತದೆ. ಎ4 ನಡೆಯಿಂದಾಗಿ ಬಿಳಿಯ ಬಿ4 ಮನೆ ಶಾಶ್ವತವಾಗಿ ಸಡಿಲವಾಗಿರುತ್ತದೆ, ಕಪ್ಪಿನ ಇನ್ನೊಂದು ಒಂಟೆಗೆ ಅದೇ ನೆಲೆ.

ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್ ಇನ್ನೂ ಹಳೆಯ, ಇನ್ನೂ ನಂಬಿಕಸ್ತ ರಕ್ಷಣೆ. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕಾಪಾಬ್ಲಾಂಕಾ ಮತ್ತು ಅಲೆಖೈನ್ ವಿಶ್ವ ಕಿರೀಟಕ್ಕಾಗಿ ಆಡಿದ 34 ಆಟಗಳಲ್ಲಿ 32ರಲ್ಲಿ ಬಂದದ್ದು ಇದೊಂದೇ. ಇಲ್ಲಿ ಇ6 ಆಡಿ ಒಂಟೆಯನ್ನು ಒಳಗೇ ಬಿಟ್ಟಿರುತ್ತಾರೆ. ಅದಕ್ಕೆ ಪರಿಹಾರ ಹುಡುಕಿದವರ ಹೆಸರುಗಳೇ ಉಪಸಾಲುಗಳಿಗೆ ಅಂಟಿಕೊಂಡಿವೆ. ತಾರ್ತಕೋವರ್ ಬಿ6 ಆಡಿ ಒಂಟೆಯನ್ನು ಪಕ್ಕದ ಬಾಗಿಲಿನಿಂದ ಹೊರತಂದರು. ಕಾಪಾಬ್ಲಾಂಕಾ ಕಾಯಿಗಳನ್ನು ಬದಲಾಯಿಸಿಕೊಂಡು ಕೊನೆಗೆ ಇ5 ತಳ್ಳಿ ಜಾಗ ಮಾಡಿದರು. ಇಮ್ಯಾನುಯೆಲ್ ಲಾಸ್ಕರ್ ಕುದುರೆಯನ್ನು ಇ4ಕ್ಕೆ ನೆಗೆಸಿ ಒಂದೇ ಏಟಿಗೆ ಕಾಯಿಗಳನ್ನು ಕಡಿಮೆ ಮಾಡಿದರು. ಇಕ್ಕಟ್ಟಿನ ಕಡೆಯವರು ಕಾಯಿ ಬದಲಾಯಿಸಿಕೊಂಡರೆ ಉಸಿರಾಡಲು ಜಾಗ ಸಿಗುತ್ತದೆ ಎಂಬ ತತ್ವ ಇವುಗಳ ಹಿಂದಿದೆ. ಈ ರಕ್ಷಣೆಯಲ್ಲಿ ಕಪ್ಪಿನ ಪರವಾಗಿಯೂ ಒಂದು ಹಳೆಯ ಬಲೆಯಿದೆ. ಬಿಳಿಯ ಒಂಟೆ ಜಿ5ರಲ್ಲಿದೆ, ಕಪ್ಪು ಕುದುರೆಗಳು ಎಫ್6, ಡಿ7ರಲ್ಲಿವೆ. ಬಿಳಿಯವರು ಡಿ5ರಲ್ಲಿ ಕಾಲಾಳು ಬದಲಾಯಿಸಿ, ಎಫ್6ರ ಕುದುರೆ ಕದಲಿದರೆ ಕಪ್ಪು ರಾಣಿ ಹೋಗುತ್ತದೆಂದು ನಂಬಿ ಸಿ3ರ ಕುದುರೆಯಿಂದ ಡಿ5 ಕಾಲಾಳನ್ನು ಹೊಡೆಯುತ್ತಾರೆ. ಕಪ್ಪು ಕುದುರೆ ಆ ಕುದುರೆಯನ್ನು ಹೊಡೆಯುತ್ತದೆ, ಬಿಳಿ ಒಂಟೆ ರಾಣಿಯನ್ನು ಹೊಡೆಯುತ್ತದೆ, ಕೂಡಲೇ ಕಪ್ಪು ಒಂಟೆ ಬಿ4ರಿಂದ ಚೆಕ್ ಕೊಡುತ್ತದೆ. ತಡೆಯಲು ಬಿಳಿಗೆ ಉಳಿದಿರುವುದು ರಾಣಿಯೊಂದೇ. ಎಲ್ಲ ಮುಗಿದಾಗ ಕಪ್ಪಿಗೆ ಒಂದು ಕಾಲಾಳಿನ ಬದಲು ಒಂದು ಕುದುರೆ ಲಾಭ.

ಈ ರಕ್ಷಣೆ ಬರೀ ಡ್ರಾಗಲ್ಲ ಎಂಬುದನ್ನು ಆನಂದ್ ಸೋಫಿಯಾದಲ್ಲಿ ತೋರಿಸಿದರು. ಅಂದು ಕೂಡ ಮೇ 11, ವರ್ಷ 2010. ವೆಸೆಲಿನ್ ಟೊಪಲೋವ್ ಅವರ ತವರಿನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಹನ್ನೆರಡನೇ, ಕೊನೆಯ ಆಟ; ಸ್ಕೋರು ಸಮ; ಆನಂದ್‌ಗೆ ಕಪ್ಪು. ಅವರು ಲಾಸ್ಕರ್ ಸಾಲು ಹಿಡಿದರು. ಏಳನೇ ನಡೆಗೆ ಕುದುರೆ ಇ4ಕ್ಕೆ, ಕಪ್ಪು ಮನೆಗಳ ಒಂಟೆಗಳು ಬೋರ್ಡಿನಿಂದ ಹೊರಕ್ಕೆ. ಆಟ ಡ್ರಾ ಆದರೆ ರ‍್ಯಾಪಿಡ್ ಟೈಬ್ರೇಕ್. ಅದನ್ನು ಟೊಪಲೋವ್ ಬಯಸಲಿಲ್ಲ, ಗೆಲ್ಲಲು ಒತ್ತಿದರು. 31ನೇ ನಡೆಯಲ್ಲಿ ಎಫ್5ರಲ್ಲಿ ಕಾಲಾಳು ಹೊಡೆದಾಗ ಆನಂದ್ ಇ4ಕ್ಕೆ ಕಾಲಾಳು ತಳ್ಳಿದರು. ಅದನ್ನೂ ಹೊಡೆದ ಟೊಪಲೋವ್ ಅವರ ರಾಜ ಬಯಲಿಗೆ ಬಿದ್ದ. 56ನೇ ನಡೆಗೆ ಆಟ ಮುಗಿಯಿತು, 6.5–5.5ರಿಂದ ಕಿರೀಟ ಆನಂದ್ ಬಳಿಯೇ ಉಳಿಯಿತು. ದುರ್ಬಲತೆ ಇಲ್ಲದ ಸ್ಥಿತಿಯಲ್ಲಿ ಕಪ್ಪಿನವರು ಅವಸರಪಡಬೇಕಿಲ್ಲ. ಅವಸರ ಎದುರಾಳಿಗೆ ಬಂದಾಗ ಗೆಲುವಿನ ದಾರಿ ಕಾಣುತ್ತದೆ.

ಡಿ4ಕ್ಕೆ ಇನ್ನೊಂದು ಬಗೆಯ ಉತ್ತರ ಭಾರತದ ಹೆಸರಿನಲ್ಲೇ ಇದೆ. 1850ರ ದಶಕದಲ್ಲಿ ಕಲ್ಕತ್ತೆಯಲ್ಲಿ ಜಾನ್ ಕಾಕ್ರನ್ ಎದುರು ಆಡುತ್ತಿದ್ದ ಮಹೇಶ್ಚಂದ್ರ ಬ್ಯಾನರ್ಜಿ ಕೇಂದ್ರವನ್ನು ಬಿಟ್ಟುಕೊಟ್ಟು, ಒಂಟೆಯನ್ನು ಜಿ7ರಲ್ಲಿಟ್ಟು ದೂರದಿಂದ ಹೊಡೆಯುತ್ತಿದ್ದರು. ನಮ್ಮ ಹಳೆಯ ಪದ್ಧತಿಯ ಆಟದಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಆ ಅಭ್ಯಾಸದವರಿಗೆ ಜಿ6, ಡಿ6 ಸಹಜ. ಇಂದಿನ ಕಿಂಗ್ಸ್ ಇಂಡಿಯನ್ ಆ ವಂಶದ್ದು. ಅದು ಸುಂದರ ರಕ್ಷಣೆ, ಆದರೆ ಗಟ್ಟಿ ರಕ್ಷಣೆಗಳ ಸಾಲಿಗೆ ಸೇರುವುದಿಲ್ಲ: ಅಲ್ಲಿ ಎರಡೂ ಕಡೆ ದಾಳಿಯ ಓಟ, ಒಂದು ನಡೆ ತಡವಾದರೂ ಆಟ ಹೋಗುತ್ತದೆ.

ಆಯ್ಕೆಗೆ ಬಂದರೆ, ಕಾರೊ–ಕಾನ್ ಮತ್ತು ಸ್ಲಾವ್ ಜೋಡಿಯನ್ನು ಕಲಿಯುವವರಿಗೆ ಧೈರ್ಯವಾಗಿ ಹೇಳಬಹುದು. ಒಂದೇ ಬಗೆಯ ಕಾಲಾಳು ರಚನೆ ಎರಡೂ ಕಡೆ ಬರುವುದರಿಂದ ಒಂದು ರಕ್ಷಣೆಯಲ್ಲಿ ಕಲಿತದ್ದು ಇನ್ನೊಂದಕ್ಕೆ ಒದಗುತ್ತದೆ. ಬಿಳಿಯವರು ಲಂಡನ್ ಸಿಸ್ಟಮ್ ಆಡಿ ಒಂಟೆಯನ್ನು ಎಫ್4ಕ್ಕೆ ತಂದರೂ, ಕುದುರೆಯಿಂದಲೋ ಸಿ4ರಿಂದಲೋ ಶುರುಮಾಡಿದರೂ ಡಿ5, ಸಿ6, ಕುದುರೆ ಎಫ್6, ಒಂಟೆ ಎಫ್5 ಅಥವಾ ಜಿ4 ಎಂಬ ಜೋಡಣೆ ಬಹುಪಾಲು ನಿಲ್ಲುತ್ತದೆ. ದಿನಕ್ಕೆ ಐದಾರು ಸುತ್ತು ಆಡಬೇಕಾದ ಭಾನುವಾರದ ರ‍್ಯಾಪಿಡ್ ಟೂರ್ನಿಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಇ5 ಮತ್ತು ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್ ಜೋಡಿ ಹೆಚ್ಚು ಓದು ಬೇಡುತ್ತದೆ, ಹೆಚ್ಚು ಕಲಿಸುತ್ತದೆ. ಯಾವುದನ್ನು ಆರಿಸಿದರೂ ನಡೆಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ, ಆ ರಕ್ಷಣೆಯಲ್ಲಿ ಹೆಸರಾದ ಒಬ್ಬ ಆಟಗಾರನ ಇಡೀ ಆಟಗಳನ್ನು ಕೊನೆಯವರೆಗೂ ಆಡಿ ನೋಡುವುದು ಮೇಲು. ಕಾರೊ–ಕಾನ್‌ಗೆ ಕಾರ್ಪೋವ್ ಇದ್ದಾರೆ. ಆರಂಭದಲ್ಲಿ ಉಳಿಸಿಕೊಂಡ ಕಾಲಾಳು ರಚನೆ ನಲವತ್ತನೇ ನಡೆಯಲ್ಲಿ ಹೇಗೆ ಕೆಲಸಕ್ಕೆ ಬರುತ್ತದೆ ಎಂಬುದು ಹಾಗೆ ಮಾತ್ರ ಗೊತ್ತಾಗುತ್ತದೆ.

ಗಟ್ಟಿ ರಕ್ಷಣೆಯ ಮೇಲಿರುವ ದೊಡ್ಡ ದೂರು, ಗೆಲ್ಲಲೇಬೇಕಾದ ಆಟದಲ್ಲಿ ಎದುರಾಳಿ ಕಾಲಾಳು ಬದಲಾಯಿಸಿ ಸಪ್ಪೆ ಮಾಡಿಬಿಡುತ್ತಾನೆ ಎಂಬುದು. ಕಾರೊ–ಕಾನ್‌ನಲ್ಲಿ ಬಿಳಿಯವರು ಮೂರನೇ ನಡೆಗೇ ಡಿ5ರಲ್ಲಿ ಹೊಡೆದು ಒಂಟೆಯನ್ನು ಡಿ3ಕ್ಕೆ ತರುವುದು ಇದೇ ಉದ್ದೇಶಕ್ಕೆ, ಆದರೂ 1970ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಬಾಬಿ ಫಿಶರ್ ಇದೇ ಸಾಲಿನಿಂದ ಪೆಟ್ರೋಸಿಯನ್ ಅವರನ್ನು ಸೋಲಿಸಿದರು. ರಚನೆಯನ್ನು ಗಮನಿಸಿದರೆ ಕಪ್ಪಿನವರಿಗೂ ಇಲ್ಲಿ ಕೆಲಸವಿದೆ. ಕ್ವೀನ್ಸ್ ಗ್ಯಾಂಬಿಟ್‌ನಲ್ಲಿ ಡಿ5 ವಿನಿಮಯದ ನಂತರ ಬಿಳಿಯವರು ಬಿ ಕಾಲಾಳನ್ನು ಬಿ5ರವರೆಗೆ ಒಯ್ದು ಕಪ್ಪಿನ ಸಿ6 ಕಾಲಾಳನ್ನು ಕೆಡಿಸುತ್ತಾರೆ. ಕಡಿಮೆ ಕಾಲಾಳುಗಳಿಂದ ಹೆಚ್ಚು ಕಾಲಾಳುಗಳ ಮೇಲೆ ನಡೆಸುವ ದಾಳಿ ಅದು. ಕಾರೊ–ಕಾನ್‌ನ ಈ ವಿನಿಮಯದಲ್ಲಿ ಅದೇ ಚಿತ್ರ ತಲೆಕೆಳಗಾಗಿ ಬರುತ್ತದೆ. ಸಿ ಸಾಲು ಕಪ್ಪಿಗೆ ತೆರೆದಿದೆ, ಬಿಳಿಯ ಸಿ3 ಕಾಲಾಳು ಗುರಿ. ಆನೆಯನ್ನು ಬಿ8ಕ್ಕೆ ತಂದು ಬಿ5, ಬಿ4 ಎಂದು ಒತ್ತಿದರೆ ಬಿಳಿಯ ರಾಣಿಯ ಬದಿಯಲ್ಲಿ ಒಂದು ದುರ್ಬಲ ಕಾಲಾಳು ಉಳಿಯುತ್ತದೆ, ಕಾಯಿಗಳು ಎಷ್ಟೇ ಕರಗಿದರೂ ಅದರ ಮೇಲೆ ಆಡುತ್ತ ಹೋಗಬಹುದು.